ಡ್ಯೂಟಿ ಡಾಕ್ಟರ ಹೇಳಿಕೆ

ಭಾರ್ಗವಿ ಹಿಂದೂಪುರದವಳು. ಎಂಬಿಬಿಎಸ್ ಮುಗಿಸಿ ಏಳು ತಿಂಗಳಾಗಿತ್ತು. ಕಲ್ಯಾಣದುರ್ಗದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರಾಗಿ ಸೇರಿದ್ದಳು. ಅದರ ಮಾಲೀಕ ಡಾಕ್ಟರ್ ಲಕ್ಷ್ಮೀಕಾಂತ್ ಬೆಳಿಗ್ಗೆ ರೌಂಡ್ಸ್ ಮುಗಿಸಿ ಅನಂತಪುರಕ್ಕೆ ಹೊರಟರೆ ಬರುವುದು ಸಂಜೆಗೇ. ಅಲ್ಲಿಯವರೆಗೆ ಹನ್ನೆರಡು ಹಾಸಿಗೆಗೂ ಅವಳೊಬ್ಬಳೇ ದಿಕ್ಕು. ತನ್ನನ್ನು ಕೇಳದೆ ಯಾವ ರೋಗಿಯನ್ನೂ ಬೇರೆಡೆಗೆ ಕಳಿಸಕೂಡದು ಎಂದು ಆತ ಮೊದಲ ದಿನವೇ ಹೇಳಿದ್ದ.

ಒಂದು ಬುಧವಾರ ಹನ್ನೊಂದು ಗಂಟೆಗೆ ಬ್ರಹ್ಮಸಮುದ್ರದ ಕಡೆಯಿಂದ ಓಬಳಪ್ಪ ಎಂಬ ಕೂಲಿಯಾಳನ್ನು ಜೀಪಿನಲ್ಲಿ ಕರೆತಂದರು. ಕಡಲೆಬಳ್ಳಿಯ ಮೆದೆಗೆ ಕೈ ಹಾಕಿದಾಗ ಹಾವು ಕಚ್ಚಿತ್ತು. ನಡೆದುಕೊಂಡೇ ಒಳಗೆ ಬಂದ. ರೆಪ್ಪೆ ಮಾತ್ರ ಜೋಲುತ್ತಿತ್ತು.

"ಕಣ್ಣು ಬಿಡಾಕೆ ಆಯ್ತಿಲ್ಲ ಅಂತಾನೆ ಕಣಮ್ಮ," ಅಂದಳು ಹೆಂಡತಿ ನರಸಕ್ಕ.

ಭಾರ್ಗವಿಗೆ ಅರ್ಥವಾಯಿತು. ವಿಷ ನರಗಳಿಗೆ ಏರುತ್ತಿತ್ತು, ಮುಂದಿನದು ಉಸಿರು. ವಿಷ ಇಳಿಸುವ ಇಂಜೆಕ್ಷನ್ ಹಾಕಿದಳು. ಉಸಿರು ನಿಂತರೆ ಗಂಟಲೊಳಗೆ ಟ್ಯೂಬ್ ಇಳಿಸಬೇಕು. ಅದನ್ನವಳು ಎರಡೇ ಸಲ ಮಾಡಿದ್ದಳು, ಅದೂ ಸೀನಿಯರ್ ಪಕ್ಕದಲ್ಲಿ ನಿಂತಿದ್ದಾಗ. ಲಕ್ಷ್ಮೀಕಾಂತ್‌ಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆರಡು ಸಲ ಮಾಡಿದಳು. ನಾಲ್ಕನೆಯ ಸಲ ಎತ್ತಿದಾಗ ರೋಗಿಯನ್ನು ಅನಂತಪುರಕ್ಕೆ ಕಳಿಸಲೇ ಎಂದು ಕೇಳಿದಳು. ಅವಳ ಎರಡೂ ಕೈ ರೋಗಿಯ ಮೇಲಿದ್ದುದರಿಂದ ಫೋನು ಸ್ಪೀಕರಿನಲ್ಲಿತ್ತು.

"ಇಂಜೆಕ್ಷನ್ ಹೋಗ್ತಾ ಇದೆಯಲ್ಲ? ಕಳಿಸಬೇಡ. ನಾನು ಬಂದು ನೋಡ್ತೀನಿ."

ಅಷ್ಟು ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಓಬಳಪ್ಪನ ಮಾತು ನಿಂತು ಜೊಲ್ಲು ಸುರಿಯತೊಡಗಿತು. ಆಗ ಭಾರ್ಗವಿ ಯಾರನ್ನೂ ಕೇಳದೆ ಆಂಬುಲೆನ್ಸ್ ಕರೆಸಿದಳು. ಅದು ಬರುವ ಮುಂಚೆಯೇ ಉಸಿರು ನಿಂತಿತು. ಟ್ಯೂಬ್ ಹಾಕಿದಳು.

"ಮೇಡಂ, ಹೊಟ್ಟೆ ಉಬ್ಬುತ್ತಿದೆ," ಅಂದಳು ನರ್ಸ್ ಶೋಭಾರಾಣಿ ಮೆಲ್ಲಗೆ.

ಟ್ಯೂಬ್ ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋಗಿತ್ತು. ತೆಗೆದು ಎರಡನೆಯ ಸಲ ಹಾಕಿದಾಗ ಸರಿಯಾಗಿ ಕೂತಿತು, ಆದರೆ ಹೃದಯ ನಿಂತಿತ್ತು. ಅರ್ಧ ಗಂಟೆ ಎದೆ ಒತ್ತಿದಳು. ಅದು ಮತ್ತೆ ಬಡಿಯಲಿಲ್ಲ.

ಸಂಜೆ ಬಂದ ಲಕ್ಷ್ಮೀಕಾಂತ್ ಕೇಸ್‌ ಶೀಟಿನಲ್ಲಿ ಒಂದು ಸಾಲು ಸೇರಿಸಿದ: 'ಕೂಡಲೇ ಅನಂತಪುರಕ್ಕೆ ಕಳಿಸಲು ಫೋನಿನಲ್ಲಿ ಹೇಳಿದ್ದೆ, ಡ್ಯೂಟಿ ಡಾಕ್ಟರ್ ತಡ ಮಾಡಿದರು.' ಪೊಲೀಸರು ನಿರ್ಲಕ್ಷ್ಯದಿಂದಾದ ಸಾವು ಎಂದು ಭಾರ್ಗವಿಯೊಬ್ಬಳ ಮೇಲೆ ಕೇಸು ಹಾಕಿದರು.

ಹಿಂದೂಪುರದಲ್ಲಿ ಅವಳ ಸೋದರಮಾವ ಶಂಕರಯ್ಯ ವಕೀಲರು.

"ನಾಲ್ಕು ಸಲ ಫೋನು ಮಾಡಿದ್ದಕ್ಕೆ ದಾಖಲೆ ಸಿಗುತ್ತೆ. ಟ್ಯೂಬಿನ ವಿಷಯ ಮಾತ್ರ ಎತ್ತಬೇಡ. ಶೀಟಿನಲ್ಲಿ ಅದು ಇಲ್ಲ."

"ಶೋಭಾರಾಣಿ ಸಿಸ್ಟರ್ ನೋಡಿದ್ದಾರೆ, ಮಾವ."

"ಅಲ್ಲೇ ಕೆಲಸ ಮಾಡೋಳು ಯಾಕೆ ಬಾಯಿ ಬಿಡ್ತಾಳೆ? ನೀನೂ ಸುಮ್ಮನಿರು."

ಅನಂತಪುರದಲ್ಲಿ ವೈದ್ಯರ ಸಮಿತಿ ವಿಚಾರಣೆ ನಡೆಸಿತು. ಮೊದಲು ನರಸಕ್ಕನನ್ನು ಕೇಳಿದರು.

"ಕಳಿಸಬ್ಯಾಡ ಅಂತ ಆ ದೊಡ್ಡ ಡಾಕ್ಟ್ರು ಫೋನಿನಾಗೆ ಅಂದಿದ್ದು ನಾನೇ ಕಿವಿಯಾರೆ ಕೇಳೀನಿ," ಅಂದಳು. ಆಮೇಲೆ ಭಾರ್ಗವಿಯ ಕಡೆ ತಿರುಗಿದಳು. "ಆದ್ರೆ ನೀನೂ ಡಾಕ್ಟ್ರೇ ಅಲ್ವೇನಮ್ಮ? ಅವ್ನು ಹೋಯ್ತಾ ಇದ್ದದ್ದು ನಿನ್ ಕಣ್ಣಿಗೂ ಕಾಣ್ತಿತ್ತಲ್ಲ?"

ಜೊತೆಗೆ ಬಂದಿದ್ದ ಮಾವ ಕಣ್ಣಿನಲ್ಲೇ ಬೇಡವೆಂದರು. ಭಾರ್ಗವಿ ಎಲ್ಲವನ್ನೂ ಹೇಳಿದಳು. ಅಪ್ಪಣೆಗೆ ಕಾದ ನಲವತ್ತು ನಿಮಿಷ, ತಪ್ಪು ಜಾಗಕ್ಕೆ ಹೋದ ಟ್ಯೂಬ್, ಒಂದನ್ನೂ ಬಿಡಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನರಸಕ್ಕ ಕೂತಿದ್ದಳು. ಭಾರ್ಗವಿ ಹತ್ತಿರ ಹೋಗಿ ನಿಂತಳು.

"ಒಂದು ಹೇಳಮ್ಮ. ಕೊನೇಲಿ ಕಣ್ಣು ಮುಚ್ಚಿದ್ನಲ್ಲ, ನಾನು ಕೂಗಿದ್ದು ಅವ್ನಿಗೆ ಕೇಳಿಸ್ತಿತ್ತಾ?"

ಆ ವಿಷ ಕೈಕಾಲು, ರೆಪ್ಪೆ, ಉಸಿರು ಎಲ್ಲವನ್ನೂ ಕಟ್ಟಿಹಾಕುತ್ತದೆ, ಎಚ್ಚರವನ್ನಲ್ಲ. ಇಲ್ಲ ಅಂದುಬಿಡೋಣವೆನಿಸಿತು.

"ಕೇಳಿಸ್ತಿತ್ತಮ್ಮ," ಅಂದಳು.

ನರಸಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎರಡು ತಿಂಗಳಿಗೆ ಸಮಿತಿಯ ವರದಿಯ ಮೇಲೆ ವೈದ್ಯಕೀಯ ಮಂಡಳಿಯ ಆದೇಶ ಬಂತು. ಆರು ತಿಂಗಳು ಭಾರ್ಗವಿ ಎಲ್ಲಿಯೂ ವೈದ್ಯವೃತ್ತಿ ಮಾಡುವಂತಿಲ್ಲ. ಶೀಟು ತಿದ್ದಿದ್ದಕ್ಕೆ ಪೊಲೀಸ್ ಕೇಸಿನಲ್ಲಿ ಲಕ್ಷ್ಮೀಕಾಂತ್ ಕೂಡ ಆರೋಪಿಯಾದ. ನರ್ಸಿಂಗ್ ಹೋಮ್ ಮುಚ್ಚಲಿಲ್ಲ, ಇನ್ನೊಬ್ಬ ಹೊಸ ಡ್ಯೂಟಿ ಡಾಕ್ಟರ್ ಬಂದ. ಆ ಕೇಸು ಇನ್ನೂ ನಡೆಯುತ್ತಿದೆ. ವಾಯಿದೆ ಬಂದಾಗಲೆಲ್ಲ ಭಾರ್ಗವಿ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಬಸ್ಸು ಹತ್ತುತ್ತಾಳೆ.