ಮಾಸ್ಟರ್ ಅಂಗಡಿಯ ಹಕ್ಕಿ

ದರ್ಜಿ ಮಾಸ್ಟರ ಮುಂದೆ ಎರಡು ವಿಷಯದಲ್ಲಿ ಯಾರೂ ಸೊಲ್ಲೆತ್ತುವಂತಿರಲಿಲ್ಲ. ಒಂದು, ಪ್ಯಾಂಟಿನ ಕಟಿಂಗು. ಇನ್ನೊಂದು, ಅಂಗಡಿ ಬಾಗಿಲ ಪಕ್ಕದ ನಿಂಬೆಗಿಡದ ಹಕ್ಕಿ. ಬಾಲ ನಿಗುರಿಸಿಕೊಂಡು ಕುಣಿಯುವ ಆ ಪಿಟ್ಟೆ ದರ್ಜಿ ಹಕ್ಕಿಯೇ ಎಂದು ಅವರು ಎಂದೋ ತೀರ್ಪು ಕೊಟ್ಟಾಗಿತ್ತು. ಎಲೆಗೆ ಎಲೆ ಸೇರಿಸಿ ಹೊಲಿದು ಗೂಡು ಕಟ್ಟುವ ಜಾತಿ! ಅಷ್ಟು ಮರಗಳನ್ನು ಬಿಟ್ಟು ದರ್ಜಿಯ ಬಾಗಿಲಿಗೇ ಬಂತೆಂದರೆ ಸುಮ್ಮನೆಯೇ? "ಕಸುಬು ಕಸುಬನ್ನ ಹುಡ್ಕೊಂಡು ಬರುತ್ತೆ ನೋಡಿ," ಎಂದು ಗಿರಾಕಿಗಳಿಗೆಲ್ಲ ಹೇಳಿ ಹೇಳಿ, ಕೊನೆಗೆ ಬೋರ್ಡಿನ ಮೂಲೆಯಲ್ಲಿ ಅದರ ಚಿತ್ರವನ್ನೂ ಬರೆಸಿದ್ದರು. ಈ ಪುರಾಣ ಕೇಳಿ ಹೆಂಡತಿಯ ಕಿವಿ ತೂತಾಗಿತ್ತು.

ಈಗ ಪೀಕಲಾಟ ಬಂದದ್ದು ಮಗಳಿಗೆ. ಅಪ್ಪನ ಪಕ್ಕದಲ್ಲೇ ಕೂತು ಕಾಜಾ ಹೊಲಿಯುವ ಅವಳು ಎದುರು ಸಾಲಿನ ಕನ್ನಡಕದಂಗಡಿಯ ಹುಡುಗನನ್ನು ಮೆಚ್ಚಿದ್ದಳು. ಅಮ್ಮ ಒಪ್ಪಿದ್ದಳು. ಅಪ್ಪ ಮಾತ್ರ "ಕರ್ಕೊಂಡ್ ಬಾ, ನೋಡೋಣ" ಎಂದಿದ್ದರು. ಅವರು ಬೇಡವೆಂದರೆ ಮುಗಿಯಿತು, ಅವರನ್ನು ನೋಯಿಸಿ ಮದುವೆಯಾಗುವ ಎದೆ ಅವಳಿಗಿರಲಿಲ್ಲ. ಹುಡುಗನಿಗೋ, ರಜೆ ಬಂದರೆ ದುರ್ಬೀನು ಕೊರಳಿಗೆ ಹಾಕಿಕೊಂಡು ಹಕ್ಕಿಗಳ ಹಿಂದೆ ಅಲೆಯುವ ಚಾಳಿ.

"ಅಪ್ಪ ಆ ಹಕ್ಕೀನ ತೋರಿಸೇ ತೋರಿಸ್ತಾರೆ. ಏನಂದ್ರೂ ನೀನು ಹೂಂ ಅನ್ನು," ಎಂದು ಅವಳು ಮೊದಲೇ ಎಚ್ಚರಿಸಿದ್ದಳು.

"ಹದ್ದು ಅಂದ್ರೂ?"

"ಆನೆ ಅಂದ್ರೂ!"

ಹುಡುಗ ಬಂದ. ಮಾಸ್ಟರ ಹೆಂಡತಿ ಚಹಾ ತಂದು ತಾನೂ ಒಂದು ಲೋಟ ಹಿಡಿದು ಕೂತಳು. ಹುಡುಗನ ಲೋಟ ತುಟಿಗೆ ತಾಗುವ ಮೊದಲೇ ಮಾಸ್ಟರು ಗಿಡದ ಕಡೆ ಕೈ ಮಾಡಿದರು. "ನೋಡಪ್ಪ, ನಮ್ಮ ದರ್ಜಿ ಹಕ್ಕಿ. ಹೌದೋ ಅಲ್ವೋ?"

ಮಗಳು ಕಣ್ಣಲ್ಲೇ ಸನ್ನೆ ಮಾಡಿದಳು. ಹುಡುಗ ಹಕ್ಕಿಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಹಕ್ಕಿಯನ್ನು ನೋಡಿದ. ಹಾಳಾದವನ ಬಾಯಿಂದ ಹೂಂ ಹೊರಡಲೇ ಇಲ್ಲ.

"ಅಲ್ಲ ಮಾಸ್ಟ್ರೇ. ದರ್ಜಿ ಹಕ್ಕಿಗೆ ಬೆನ್ನು ಹಸಿರು, ನೆತ್ತಿ ಇಟ್ಟಿಗೆ ಬಣ್ಣ. ಇದಕ್ಕೆ ಎರಡೂ ಬೂದಿ ಬಣ್ಣ. ಇದು ಉಲಿಯಕ್ಕಿ. ಎರಡು ಹಕ್ಕೀನೂ ಒಂದೇ ಥರ ಬಾಲ ಎತ್ತುತ್ವೆ, ಅದಕ್ಕೇ ಎಲ್ರೂ ಮೋಸ ಹೋಗ್ತಾರೆ."

ಅಲ್ಲಿಗೆ ತನ್ನ ಮದುವೆ ಮೂರಾಬಟ್ಟೆಯಾಯಿತು ಎಂದುಕೊಂಡಳು ಮಗಳು. ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗಲಿಲ್ಲ. ಮಾಸ್ಟರು ಮುಖ ಗಂಟಿಕ್ಕಿಕೊಂಡು ಎದ್ದರು. ಆ ಹುಡುಗನೇ ಮಾಡಿಕೊಟ್ಟಿದ್ದ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿ ಏರಿಸಿಕೊಂಡು ಗಿಡದ ಹತ್ತಿರ ಹೋಗಿ ಬಗ್ಗಿದರು. ಹಕ್ಕಿ ಬೆಚ್ಚಿ ಹಾರಿತು. ಹಾರುವಾಗ ಕಟಕಟ ಎಂಬ ಸದ್ದು.

"ಏನದು?"

"ಗಾಬರಿ ಆದ್ರೆ ಹಾಗೇ ಸದ್ದು ಮಾಡ್ಕೊಂಡು ಹಾರುತ್ತೆ. ದರ್ಜಿ ಹಕ್ಕಿ ಹಾಗೆ ಮಾಡಲ್ಲ," ಎಂದ ಹುಡುಗ, ಕ್ಷಮೆ ಕೇಳುವವನ ದನಿಯಲ್ಲಿ.

ಮಾಸ್ಟರು ಹಕ್ಕಿ ಹಾರಿದ ದಿಕ್ಕಿಗೆ ಕಿವಿಗೊಟ್ಟರು. ಆಮೇಲೆ ಒಳಗೆ ಬಂದು, ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಎತ್ತಿ ಗಾಳಿಯನ್ನೇ ಕತ್ತರಿಸಿದರು. ಕಟ್, ಕಟ್, ಕಟ್. ಅದೇ ಸದ್ದು! ಅವರ ಮುಖ ಊರಗಲವಾಯಿತು.

"ಲೇ ಇವಳೇ, ಕೇಳಿದ್ಯಾ? ಅದು ಬರೀ ಹೊಲಿಯೋನಲ್ಲ ಕಣೇ, ಕಟಿಂಗ್ ಮಾಸ್ಟರು! ಹೊಲಿಯೋರು ಬೀದಿಗೆ ಹತ್ತು ಜನ ಸಿಕ್ತಾರೆ, ಕತ್ತರಿ ಹಿಡಿಯೋನು ಸಿಗ್ತಾನಾ?"

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ," ಎಂದಳು ಹೆಂಡತಿ, ಚಹಾದ ಲೋಟದೊಳಗೇ ನಗುತ್ತ.

ಮಗಳಿಗೆ ನಗಲೂ ಧೈರ್ಯವಿಲ್ಲ. "ಅಪ್ಪಾ... ಮತ್ತೆ ನಮ್ಮ ವಿಷಯ?"

ಮಾಸ್ಟರು ಕೊರಳಿನ ಟೇಪು ಎಳೆದುಕೊಂಡರು. "ಟ್ರಯಲ್ ನೋಡುವಾಗ ಚೆನ್ನಾಗಿದೆ ಅಂದು, ಮನೆಗೆ ಹೋಗಿ ನನ್ನ ಬೈಯೋರನ್ನೇ ಇಷ್ಟು ವರ್ಷ ಕಂಡಿದ್ದೀನಿ. ಇವನೊಬ್ಬ ಮುಖದ ಮೇಲೆ ಹೇಳ್ದ." ಹುಡುಗನನ್ನು ಕನ್ನಡಿಯೆದುರು ನಿಲ್ಲಿಸಿದರು. "ಕೈ ಚಾಚಿ ಅಳಿಯಂದ್ರೇ, ಮದುವೆ ಕೋಟಿಗೆ ಅಳತೆ. ತೋಳು ಗಿಡ್ಡ ಬಂದ್ರೆ ಗಿಡ್ಡ ಅಂತಾನೇ ಹೇಳ್ಬೇಕು. ಇವಳು ಕಣ್ಸನ್ನೆ ಮಾಡಿದ್ಲು ಅಂತ ಹೂಂ ಅನ್ಬಾರ್ದು. ಈ ಕನ್ನಡೀಲಿ ನನಗೆ ಎಲ್ಲಾ ಕಾಣುತ್ತೆ."