ದೇರಪ್ಪನಿಗೆ ಎಲೆ

ಸತ್ತ ಮೇಲೆ ದೇರಪ್ಪನಿಗೆ ಆದಷ್ಟು ವರ್ಗಾವಣೆ ಮಡಿಕೇರಿಯ ಯಾವ ಅಧಿಕಾರಿಗೂ ಆಗಿರಲಿಲ್ಲ. ತಮ್ಮ ಬೆಳ್ಯಪ್ಪ ವರ್ಷಕ್ಕೊಂದು ಯಾತ್ರೆಗೆ ಹೋಗುತ್ತಿದ್ದ. ಬರುವಾಗ ಅಣ್ಣನ ಆತ್ಮಕ್ಕೆ ಹೊಸ ವಿಳಾಸ ತರುತ್ತಿದ್ದ.

ಉಡುಪಿಯಿಂದ ಬಂದಾಗ, "ಜೀವ ಬೇರೆ, ದೇವರು ಬೇರೆ. ಅಣ್ಣ ಹರಿಯ ಪಾದದ ಹತ್ತಿರ ದಾಸನಾಗಿ ನಿಂತಿದ್ದಾನೆ" ಎಂದ. ನಿಂತೇ ಇದ್ದರೆ ಹಸಿವಾದೀತೆಂದು ಅತ್ತಿಗೆ ಹೊನ್ನಮ್ಮ ಆ ವರ್ಷ ಹಿರಿಯರಿಗೆ ಬಡಿಸುವಾಗ ಗಂಡನ ಎಲೆಗೆ ಇನ್ನೊಂದು ಕಡುಬು ಹಾಕಿದಳು. ಮೇಲುಕೋಟೆಯಿಂದ ಬಂದಾಗ, ಜೀವ ದೇವರಿಗೆ ಶರೀರವಿದ್ದಂತೆ, ಕೂಡಿದರೂ ಕರಗುವುದಿಲ್ಲ ಎಂದ. ಹೊನ್ನಮ್ಮ ಅದಕ್ಕೂ ತಕರಾರು ತೆಗೆಯಲಿಲ್ಲ. ಶರೀರ ಅಂದ ಮೇಲೆ ಹೊಟ್ಟೆ ಇದ್ದೇ ಇರುತ್ತದೆ.

ಈ ಸಲ ಬೆಳ್ಯಪ್ಪ ಶೃಂಗೇರಿಯಿಂದ ಬಂದಿದ್ದ.

"ಹೊಳೆ ಸಮುದ್ರ ಸೇರಿದ ಮೇಲೆ ಹೊಳೆ ಎಲ್ಲಿ ಅತ್ತಿಗೆ? ಅಣ್ಣ ಬ್ರಹ್ಮವೇ ಆಗಿದ್ದಾನೆ. ಬೇರೆ ದೇರಪ್ಪ ಅಂತ ಯಾರೂ ಇಲ್ಲೆ. ನಾನು ಕರೆಯೂದಿಲ್ಲ."

ಅಂದು ಹಿರಿಯರಿಗೆ ಬಡಿಸುವ ದಿನ. ಭಾಗಮಂಡಲದ ಆಚೆಯ ಆ ಮನೆಯಲ್ಲಿ ಒಳಕೋಣೆಯಲ್ಲಿ ಎಲೆ ಹಾಕಿ, ಹಂದಿ ಸಾರು, ಕಡುಬು, ಸಾರಾಯಿ ಇಡುತ್ತಾರೆ. ಯಜಮಾನ ಸತ್ತವರನ್ನು ಹೆಸರು ಹಿಡಿದು ಕರೆದು ಬಾಗಿಲು ಮುಚ್ಚುತ್ತಾನೆ, ಸ್ವಲ್ಪ ಹೊತ್ತು ಬಿಟ್ಟು ತಟ್ಟಿ ತೆರೆಯುತ್ತಾನೆ. ಅವರು ಉಂಡೆದ್ದ ಮೇಲೆಯೇ ಬದುಕಿದವರಿಗೆ ಊಟ. ದೇರಪ್ಪ ಹೋದ ಮೇಲೆ ಯಜಮಾನಿಕೆ ಬೆಳ್ಯಪ್ಪನದು. ಹೊನ್ನಮ್ಮ ತಾನೇ ಕರೆಯೋಣವೆಂದರೆ, ಗಂಡನ ಹೆಸರು ಅವಳ ಬಾಯಿಂದ ಒಂದು ದಿನವೂ ಬಂದದ್ದಲ್ಲ. "ಇವರೇ" ಎಂದರೆ ಯಾರ ಮನೆಯ ಇವರು ಒಳಗೆ ನುಗ್ಗುತ್ತಾರೋ! ಹೆಸರು ಕರೆಯದಿದ್ದರೆ ಮನುಷ್ಯ ಅಂಗಳದಲ್ಲೇ ನಿಂತಿರುತ್ತಾನೆ. ಬದುಕಿದ್ದಾಗಲೂ ಅಷ್ಟೇ, ಕರೆಯದೆ ಊಟಕ್ಕೆ ಬಂದವನಲ್ಲ.

"ಎಲ್ಲಾ ದೇಶ ಸುತ್ತಿ ಬಂದೆ," ಎಂದಳು ಹೊನ್ನಮ್ಮ. "ಕೊಡಗನ್ನು ಮೈಸೂರಿಗೆ ಸೇರಿಸಬಾರದು, ನಮ್ಮ ರಾಜ್ಯ ನಮಗಿರಲಿ ಅಂತ ಪೇಟೆಯಲ್ಲಿ ಭಾಷಣ ಮಾಡ್ತೀಯ. ನಿನ್ನ ಅಣ್ಣನನ್ನು ಮಾತ್ರ ಒಂದು ಮಾತೂ ಕೇಳದೆ ಸೇರಿಸಿಬಿಟ್ಟೆ."

ಜಗಲಿಯಲ್ಲಿ ಕೂತಿದ್ದ ಅವಳ ಅಣ್ಣ ಕುಟ್ಟಪ್ಪ ಕೆಮ್ಮಿದಂತೆ ನಕ್ಕ. ಊಟಕ್ಕೆಂದೇ ಮಾದಾಪುರದಿಂದ ಬಂದವನು ಅವನು.

"ಅದು ರಾಜಕೀಯ, ಇದು ವೇದಾಂತ," ಎಂದ ಬೆಳ್ಯಪ್ಪ.

"ಆಗಲಿ. ಉಣ್ಣುವವರೇ ಇಲ್ಲದಿದ್ದರೆ ಉಂಡು ಮುಗಿಯೂದೂ ಇಲ್ಲೆ." ಹೊನ್ನಮ್ಮ ಸೌಟು ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಕೂತಳು. "ಅವರು ಏಳುವ ತನಕ ಯಾರಿಗೂ ಎಲೆ ಇಲ್ಲೆ. ಮನೆಯ ಕ್ರಮ ನಾನು ಮಾಡಿದ್ದಲ್ಲ."

ಒಲೆಯ ಮೇಲೆ ಸಾರು ಕೊತಕೊತ ಎನ್ನುತ್ತಿತ್ತು. ಕರಿಮೆಣಸಿನ ಘಾಟು ಜಗಲಿಗೆ ಬಂತು.

"ಹಾಗಾದ್ರೆ ಬ್ರಹ್ಮಕ್ಕೇ ಬಡಿಸಿಬಿಡು," ಎಂದ ಬೆಳ್ಯಪ್ಪ, ಉಗುಳು ನುಂಗಿ.

"ಹಂದಿಯನ್ನಾ?"

ಬೆಳ್ಯಪ್ಪ ಗಲ್ಲ ಗಲ್ಲ ಬಡಿದುಕೊಂಡ.

"ಭಾವ," ಎಂದ ಕುಟ್ಟಪ್ಪ, "ನಿನ್ನ ಬ್ರಹ್ಮ ಎಲ್ಲಾ ಕಡೆ ಉಂಟು ಅಂತೀಯ. ನನ್ನ ಹೊಟ್ಟೆಯೊಳಗೆ ಮಾತ್ರ ಏನೂ ಇಲ್ಲ, ನೋಡು."

ಬೆಳ್ಯಪ್ಪ ಕಣ್ಣು ಮುಚ್ಚಿ ಕೂತ. ಧ್ಯಾನವೋ ಹಸಿವೋ, ಹೇಳುವುದು ಕಷ್ಟ. ಕೊನೆಗೆ ಕಣ್ಣು ಬಿಟ್ಟ.

"ಅಲ್ಲಿನ ಸ್ವಾಮಿಗಳು ಇನ್ನೊಂದು ಮಾತೂ ಹೇಳಿದ್ದರು. ಪರಮಾರ್ಥದಲ್ಲಿ ಎಲ್ಲ ಒಂದೇ. ವ್ಯವಹಾರದಲ್ಲಿ ಬೇರೆ ಬೇರೆ."

"ನಿನ್ನ ಅಣ್ಣ?"

"ವ್ಯವಹಾರದಲ್ಲಿ ಅಣ್ಣನೇ."

"ಹಂದಿ ಸಾರು?"

"ಅದು ಪೂರ್ತಿ ವ್ಯವಹಾರ."

ಹೊನ್ನಮ್ಮ ಎದ್ದು ಎಲೆ ಹಾಕಿದಳು. ಬೆಳ್ಯಪ್ಪ ಸಾರಾಯಿ ಇಟ್ಟು, ಅಜ್ಜಂದಿರನ್ನೆಲ್ಲ ಕರೆದು ಕೊನೆಗೆ, "ಅಣ್ಣ ದೇರಪ್ಪಾ, ಬಾ, ಉಣ್ಣು" ಎಂದ. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು.

ಸ್ವಲ್ಪದರಲ್ಲೇ ಬೆಳ್ಯಪ್ಪ ಬಾಗಿಲು ತಟ್ಟಲು ಕೈ ಎತ್ತಿದ. ಹೊನ್ನಮ್ಮ ಆ ಕೈ ಹಿಡಿದು ಕೆಳಗಿಳಿಸಿದಳು.

"ತಡಿ ಮಾರಾಯ. ನಿನ್ನ ಅಣ್ಣನಿಗೆ ಹಲ್ಲಿರಲಿಲ್ಲ, ಮರೆತ್ಯಾ?"