ನಾಲ್ಕು ಬೆರಳು ಗಿಡ್ಡ ಕುರ್ಚಿ

ದೀಪ ಅದೇ, ಹಸಿರು ಟೋಪಿಯದು, ಸೂಪರ್‌ವೈಜರ್ ಹನುಮಂತರಾಯನ ಬೆನ್ನ ಹಿಂದೆ, ಅದಕ್ಕೇ ಅವನ ಮುಖ ಕಾಣುವುದಿಲ್ಲ, ಕಿವಿಯ ಅಂಚು ಮಾತ್ರ ಕೆಂಪಗೆ ಹೊಳೆಯುತ್ತದೆ, ಹೊರಗೆ ಕೊಂಡಾಪುರದ ಮಟಮಟ ಮಧ್ಯಾಹ್ನ, ಒಳಗೆ ಕಿಟಕಿಗೆ ಸಿನಿಮಾದವರು ಬಡಿದ ಕರಿ ಬಟ್ಟೆ ಹಾಗೇ ಇದೆ — ಕುಂದ್ರವಾ ಗದಿಗೆಮ್ಮ, ಎಷ್ಟೊತ್ತು ನಿಂದರ್ತಿ, ಕುಂತು ಈ ಕಾಗದಕ್ಕ ಹೆಬ್ಬಟ್ಟು ಒತ್ತು — ಗದಿಗೆಮ್ಮ ಕೂರಲಿಲ್ಲ, ಕುರ್ಚಿಯನ್ನು ನೋಡಿದಳು, ಕುರ್ಚಿಯೂ ಅದೇ, ಕಂಪ್ಯೂಟರ್ ಕಂಪನಿಗೆಂದು ಏಳುತ್ತಿರುವ ಈ ಗಾಜಿನ ಕಟ್ಟಡದಲ್ಲಿ ಹೋದ ವರ್ಷ ಎರಡು ದಿನ ಡಾನ್ ಸಿನಿಮಾ ತೆಗೆದರು, ಡಾನ್ ಆದವನು ಕುಳ್ಳ ಮನುಷ್ಯ, ಪಾಪ, ಎದೆಯುರಿಗೆ ಹೆದರಿ ಮೊಸರನ್ನ ಬಿಟ್ಟು ಬೇರೇನೂ ಮುಟ್ಟದವನು, ಅಮ್ಮಾ ವೇಡಿನೀಳ್ಳು ಎಂದು ಇವಳ ಹತ್ತಿರವೇ ಬಿಸಿನೀರು ಕೇಳುತ್ತಿದ್ದ, ಆದರೆ ಹಿಂದೆ ದೀಪ ಇಟ್ಟು, ಕ್ಯಾಮರಾ ನೆಲಕ್ಕಿಳಿಸಿ ಮೇಲಕ್ಕೆ ನೋಡಿಸಿದರೆ ಗುಡ್ಡವಾಗಿಬಿಡುತ್ತಿದ್ದ, ಡೈರೆಕ್ಟರ್ ಒಂದೇ ಸಮ ಕೂಗುತ್ತಿದ್ದ, ಅಲುಗಬೇಡ, ಮೊದಲು ಎದ್ದವನು ಸೋತ, ಎದುರಿನವನೇ ಏಳಲಿ — ಆ ಎದುರಿನವನ ಕುರ್ಚಿಗೆಂದೇ ಕರೆಸಿದ್ದರು ಇವಳ ಗಂಡನನ್ನು, ಕಾಂಕ್ರೀಟಿಗೆ ಹಲಗೆ ಬಡಿಯುವ ಸೆಂಟ್ರಿಂಗ್ ಬಡಗಿ ತಾಯಪ್ಪನನ್ನು, ಕುರ್ಚಿಯ ಒಂದೊಂದು ಕಾಲಿಗೆ ನಾಲ್ಕು ಬೆರಳಿನಷ್ಟು ಕೊಯ್ಯಿ ಎಂದರು, ಸಂಜೆ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ನಗುತ್ತ ಬಂದ, ಲೇ ಗದ್ಗಿ, ಮನಷ್ಯಾನ್ನ ಸಣ್ಣಾಂವ ಮಾಡಾಕ ಇಷ್ಟ ಕೊಯ್ದ್ರ ಸಾಕಂತ ನೋಡು, ಶೆಡ್ಡಿನ ತೇವ ತಾಗದಿರಲೆಂದು ಅವನ್ನೇ ಟ್ರಂಕಿನಡಿ ಇಟ್ಟರು. ಬಿಲ್ಡರ್ ಸಾಹೇಬರಿಗೆ ಸೆಟ್ಟು ಮನಸ್ಸಿಗೆ ಬಂತು, ಮೇಜು ದೀಪ ಕುರ್ಚಿ ಎಲ್ಲ ಇಟ್ಟುಕೊಂಡು ಆಫೀಸು ಮಾಡಿದರು, ಕಾಲು ಕೊಯ್ದದ್ದು ಯಾರಿಗೂ ನೆನಪಿಲ್ಲ, ಹನುಮಂತರಾಯ ಎಲ್ಲರಿಗೂ ಹೇಳುತ್ತಾನೆ, ಭಾಳ ಚಲೋ ಕುರ್ಚಿ ಐತಿ, ಎಂಥಾ ಜಗಳಗಂಟ್ರೂ ಕುಂತ್ರ ತಣ್ಣಗಾಗ್ತಾರ.

ಒತ್ತವಾ, ಓದಿ ಹೇಳೀನಲ್ಲ — ಹೇಳಿದ್ದಾನೆ, ಆ ಶುಕ್ರವಾರ ತಾಯಪ್ಪ ಕೆಲಸಕ್ಕೇ ಬಂದಿರಲಿಲ್ಲ, ಸುಮ್ಮನೆ ತಾನಾಗಿ ಮೇಲೆ ಹತ್ತಿ ಬಿದ್ದ ಎಂದು ಕಾಗದದಲ್ಲಿ ಬರೆದಿದೆ, ಬಂದಿರಲಿಲ್ಲವಂತೆ! ಹಾಗಾದರೆ ಮೂರನೇ ಮಾಳಿಗೆಯ ಹಲಗೆ ಬಡಿಯುತ್ತಿದ್ದದ್ದು ದೆವ್ವವೇ, ಅವನು ಸೊಂಟಕ್ಕೆ ಹಗ್ಗ ಕೇಳಿದರೆ, ಈಗ ಹತ್ತಲೇ, ಹಗ್ಗ ನಾಳಿ ಬರ್ತೈತಿ ಎಂದ ಬಾಯಿ ಯಾರದು, ಅವನ ಮೊಳೆಚೀಲ ಇನ್ನೂ ಮೇಲೇ ನೇತಾಡುತ್ತಿದೆ, ಅವನು ದವಾಖಾನೆಯಲ್ಲಿ ಸೊಂಟ ಮುರಿದು ಮಲಗಿದ್ದಾನೆ, ಬೆಳಿಗ್ಗೆ ಮಲಗಿದಲ್ಲಿಂದಲೇ, ಸೂಪರ್‌ವೈಜರ್ ನಿನ್ನ ಆ ಕುರ್ಚಿ ಮ್ಯಾಲ ಕುಂದ್ರಸ್ತಾನ ನೋಡು, ಟ್ರಂಕಿನ ಬುಡದಾಗಿನ ತುಂಡು ಒಯ್ಯಿ, ಎಂದು ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ — ಗದಿಗೆಮ್ಮ ಸೆರಗಿನ ಗಂಟು ಬಿಚ್ಚಿದಳು, ತುಂಡು ಒಂದು, ಎರಡು, ಕುರ್ಚಿ ವಾಲಿಸಿ ಕಾಲಿಗೊಂದೊಂದು ಕೊಟ್ಟಳು, ಗರಗಸದ ಗೀರಿಗೆ ಗೀರು ಕೂಡಿತು — ಏ, ಏನ್ ಮಾಡಾಕತ್ತಿ? ಕುರ್ಚಿ ಗಿಡ್ಡ ಐತ್ರಿ ಸಾಹೇಬ್ರ, ಕಾಲು ಹಚ್ಚಾಕತ್ತೀನಿ — ಕೂತಳು, ಕಣ್ಣಿಗೆ ಕಣ್ಣು ಸಮ, ದೀಪ ಅವನ ತಲೆಯ ಹಿಂದೆ ಅಡಗಿತು, ಇಷ್ಟು ದಿನ ಕಾಣದ್ದು ಕಂಡಿತು, ಅವನ ಗದ್ದದ ಮೇಲೆ ದಾಡಿ ಮಾಡುವಾಗ ಆದ ಗಾಯ, ಅದಕ್ಕೆ ಅಂಟಿಸಿದ ಪೇಪರಿನ ಚೂರು. ನನ್ನ ಗಂಡ ಕೆಲಸಕ್ಕ ಬಂದಿದ್ದ, ನೀವ ಹತ್ತಿಸಿದ್ರಿ, ಹಂಗ ಬರೀರಿ, ಹತ್ತೂ ಬೆರಳು ಒತ್ತತೀನಿ. ಹುಚ್ಚು ಹಿಡದೈತೇನ ನಿನಗ, ಅವನ ದನಿ ಸೀಳಿತು, ಮೇಜು ಗುದ್ದಿ ಎದ್ದ — ಎದ್ದ, ಅವನೇ ಮೊದಲು ಎದ್ದ — ಗೋಡೆಯ ತುಂಬ ನೆರಳು, ಇರಲಿ, ಅವಳು ಅಲುಗುವುದಿಲ್ಲ, ಅಲುಗಿದರೆ ಜಾರುತ್ತವೆ, ಅಡಿಯಲ್ಲಿ ನಾಲ್ಕು ತುಂಡು, ತಾಯಪ್ಪ ಕೊಯ್ದದ್ದು, ನಾಲ್ಕು ಬೆರಳಿನವು, ನಾಲ್ಕು ತುಂಡು —